ಚಿಹ್ನೆಗೆ ಬಿಟ್ಟ ಜಾಗ

ಕಂಪ್ಯೂಟರಿನಲ್ಲಿ ನಾನು \forall ಎಂದು ಒತ್ತಿ ಮುಗಿಸಿದ ಕೂಡಲೇ ಆ ಅಕ್ಷರಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಒಂದು ∀ ಬಂದು ಕೂರುತ್ತದಲ್ಲ, ಅದನ್ನು ನೋಡುವಾಗ ನನಗೆ ಇವತ್ತಿಗೂ ಸಣ್ಣದೊಂದು ಖುಷಿಯಾಗುತ್ತದೆ. ಕಾವಲಿಯ ಮೇಲೆ ಹೊಯ್ದ ನೀರುದೋಸೆ ತಾನಾಗಿ ಅಂಚು ಬಿಟ್ಟು ಏಳುವಾಗ ಆಗುವ ಖುಷಿಯ ಜಾತಿಯದು. ಮಣಿಪಾಲದ ಕಾಲೇಜೊಂದರಲ್ಲಿ ಗಣಿತ ಕಲಿಸುವ, ನರೆಗೂದಲಿಗೆ ಬಣ್ಣ ಹಚ್ಚಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಕ್ಕೆ ಬಾರದ ಹೆಂಗಸು ಇಷ್ಟಕ್ಕೆಲ್ಲ ಖುಷಿಪಡಬಾರದು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಗಣಿತದವರಲ್ಲದ ಪುಣ್ಯವಂತರಿಗಾಗಿ ಒಂದು ಮಾತು. ಲೇಟೆಕ್ ಎಂಬುದು ಗಣಿತವನ್ನು ಅಚ್ಚುಕಟ್ಟಾಗಿ ಮುದ್ರಿಸುವ ಒಂದು ಏರ್ಪಾಡು. ಅದರಲ್ಲಿ ಚಿಹ್ನೆಯನ್ನು ಬರೆಯುವಂತಿಲ್ಲ. ಹಿಂದಕ್ಕೆ ವಾಲಿದ ಒಂದು ಗೆರೆ ಎಳೆದು ಚಿಹ್ನೆಯ ಹೆಸರನ್ನು ಬರೆಯಬೇಕು. ಅಂದರೆ ನಾವು ಬರೆಯುವುದು ಪಾಯಸ ಮಾಡುವ ಕ್ರಮ. ಆಗೆಲ್ಲ ಪಾಯಸ ಸಿಗುತ್ತಿದ್ದದ್ದು ಆಮೇಲೆ, ಮುದ್ರಿಸಿದಾಗ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಿಎಚ್‌ಡಿಗೆ ಸೇರಿದಾಗ ಇದನ್ನು ಕಲಿತೆ. ಕಾಪುವಿನಲ್ಲಿರುವ ನನ್ನ ಅಮ್ಮ ನೆರೆಯವರ ಹತ್ತಿರ, "ಅವಳು ಲೇಟೆಕ್ಸ್ ಕಲಿಯಲಿಕ್ಕೆ ಹೋಗುತ್ತಾಳೆ" ಎಂದು ಹೇಳಿದ್ದರಿಂದ, ಲೇಟೆಕ್ಸ್ ಎಂದರೆ ರಬ್ಬರಿನ ಹಾಲಲ್ಲವೇ, ಬಹಳ ಕಾಲ ನಮ್ಮ ಕೇರಿಯವರು ನಾನು ಪ್ರತಿ ಭಾನುವಾರ ಕಾರ್ಕಳಕ್ಕೆ ಹೋಗುವುದು ರಬ್ಬರು ತೋಟ ನೋಡಿಕೊಳ್ಳಲಿಕ್ಕೆ ಎಂದೇ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಗಣಿತಕ್ಕಿಂತ ರಬ್ಬರಿಗೆ ಊರಿನಲ್ಲಿ ಮರ್ಯಾದೆ ಹೆಚ್ಚು.

ಕಾರ್ಕಳಕ್ಕೆ ನಾನು ಹೋಗುತ್ತಿದ್ದದ್ದು ಮಥಾಯಸ್ ಸರ್ ಮನೆಗೆ. ಪದವಿಯಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಮನೆಯ ಜಗಲಿಯಲ್ಲಿ ಒಂದು ಕರಿಹಲಗೆ ನೇತುಹಾಕಿ, ಒಂದು ಅಸಮತೆಯ ಬೆನ್ನು ಹತ್ತಿದ್ದರು. ಅಸಮತೆ ಎಂದರೆ ಇದು ಅದಕ್ಕಿಂತ ಚಿಕ್ಕದು ಎಂದು ಸಾಧಿಸಿ ತೋರಿಸುವ ವಿದ್ಯೆ. ಮನುಷ್ಯರು ದಿನವಿಡೀ ಪರಸ್ಪರರ ಮೇಲೆ ಮಾಡುವ ಕೆಲಸವೇ ಅದು, ಗಣಿತದಲ್ಲಿ ಮಾತ್ರ ಪ್ರಮಾಣ ಕೇಳುತ್ತಾರೆ. ಭಾನುವಾರ ಅವರು ಇಗರ್ಜಿಯಿಂದ ಬರುವ ಹೊತ್ತಿಗೆ ನಾನು ಉಡುಪಿಯ ಕಡಿಯಾಳಿಯಿಂದ ಬಸ್ಸು ಹತ್ತಿ ಅಲ್ಲಿ ಮುಟ್ಟುತ್ತಿದ್ದೆ. ಅವರು ಹಲಗೆಯ ಮೇಲೆ ಬರೆಯುತ್ತಿದ್ದರು, ನಾನು ಪ್ರಶ್ನೆ ಕೇಳುತ್ತಿದ್ದೆ, ಅವರು ಒರೆಸುತ್ತಿದ್ದರು. ಒರೆಸದೆ ಉಳಿದದ್ದನ್ನು, ಒಂದು ಪ್ರಬಂಧವಾಗಲಿ ಎಂದು, ನಾನು ಮನೆಗೆ ಒಯ್ದು ಲೇಟೆಕ್‌ನಲ್ಲಿ ಏರಿಸುತ್ತಿದ್ದೆ.

ಈ ಮನೆಯಲ್ಲಿ ಚಿಹ್ನೆಗಳಿಗೆ ಬೇರೆಯೇ ಹೆಸರುಗಳಿದ್ದವು. ಅವನ್ನು ಇಟ್ಟವರು ಸರ್ ಅಲ್ಲ, ಅವರ ಹೆಂಡತಿ ಲೀನಾ ಟೀಚರ್. ಅವರು ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಗಣಿತವೆಂದರೆ ಮಗ್ಗಿ, ಅಷ್ಟೆ. ಆದರೆ ಸರ್ ಮದುವೆಯಾದ ಹೊಸತರಲ್ಲಿ ತಮ್ಮ ಥೀಸಿಸ್ ಬರೆದು ಮುಗಿಸಿದ್ದರು. ಆಗಿನ ಕ್ರಮ ಈಗಿನವರಿಗೆ ಗೊತ್ತಿಲ್ಲ. ಟೈಪ್‌ರೈಟರಿನಲ್ಲಿ ಗಣಿತದ ಚಿಹ್ನೆಗಳು ಇರಲಿಲ್ಲ. ಟೈಪಿಸ್ಟು ಇಂಗ್ಲಿಷನ್ನು ಟೈಪು ಮಾಡಿ, ಚಿಹ್ನೆ ಬರಬೇಕಾದಲ್ಲಿ ಜಾಗ ಖಾಲಿ ಬಿಟ್ಟುಕೊಡುತ್ತಿದ್ದ. ಬರೆದವನು ಮನೆಗೆ ತಂದು, ಕಾರ್ಬನ್ ಪ್ರತಿಗಳೂ ಸೇರಿದಂತೆ ಎಲ್ಲದರಲ್ಲೂ ಆ ಖಾಲಿ ಜಾಗಗಳನ್ನು ಮಸಿಯಲ್ಲಿ ತುಂಬಿಸಬೇಕಿತ್ತು. ಉದ್ಯಾವರದಲ್ಲಿ ಟೈಪು ಮಾಡುತ್ತಿದ್ದ ಒಬ್ಬರು ಪ್ರತಿ ಪುಟಕ್ಕೂ ನಿಲ್ಲಿಸಿ, "ಮಾಸ್ಟ್ರೇ, ಇದಕ್ಕೆಷ್ಟು ಜಾಗ ಬಿಡಬೇಕು?" ಎಂದು ಕೇಳುತ್ತಿದ್ದರಂತೆ, ಹೊಸ ಅಂಗಿಗೆ ಅಳತೆ ತೆಗೆಯುವವರ ಹಾಗೆ.

ಸರ್ ಅಕ್ಷರ ಕೋಳಿ ಕೆದಕಿದ ಹಾಗೆ. ಲೀನಾ ಟೀಚರದು ಮುತ್ತು ಪೋಣಿಸಿದ ಹಾಗೆ. ಹಾಗಾಗಿ ಹೊಸ ಮದುಮಗಳು ಊಟದ ಮೇಜಿನ ಒಂದು ಬದಿಗೆ ಮಸಿಯ ಪೆನ್ನು ಹಿಡಿದು ಕೂತರು. ಮದುಮಗ ಎದುರು ಕೂತು ಯಾವ ಜಾಗಕ್ಕೆ ಯಾವ ಚಿಹ್ನೆ ಎಂದು ಹೇಳತೊಡಗಿದರು. ಚಿಹ್ನೆಗಳ ನಿಜವಾದ ಹೆಸರುಗಳು ಟೀಚರಿಗೆ ನೆನಪು ಉಳಿಯಲಿಲ್ಲ, ಸ್ವಂತ ಹೆಸರು ಇಟ್ಟುಕೊಂಡರು. ∀ ಎಂದರೆ ಏಣಿ, ತಲೆಕೆಳಗಾಗಿ ನಿಲ್ಲಿಸಿದ್ದು. ∃ ಎಂದರೆ ಬಾಚಣಿಗೆ. ∈ ಮುಳ್ಳುಚಮಚ. ξ ಚಕ್ಕುಲಿ. ∴ ಎಂದರೆ ಒಲೆ, ಏಕೆಂದರೆ ಮೂರು ಕಲ್ಲು. ≈ ಎಂಬ ಎರಡು ಅಲೆಗಳ ಚಿಹ್ನೆಗೆ ಕಾಪು ಎಂದು ಹೆಸರಿಟ್ಟರು, ಮದುವೆಯಾದ ವಾರ ಇಬ್ಬರೂ ಕಾಪು ಕಡಲು ನೋಡಲು ಹೋಗಿದ್ದರಂತೆ. ನನ್ನ ತವರೂರು ಗಣಿತದಲ್ಲಿ ಒಂದು ಚಿಹ್ನೆಯಾಗಿದೆ ಎಂದು ಗೊತ್ತಾದ ದಿನ ನಾನು ಅಮ್ಮನಿಗೆ ಫೋನು ಮಾಡಿ ಹೇಳಿದೆ. ಅಮ್ಮ, "ಅದಕ್ಕೆ ಎಂತ ಸಿಗುತ್ತದೆ?" ಎಂದು ಕೇಳಿದಳು.

ಈ ಹೆಸರುಗಳನ್ನೇ ಸರ್ ಕ್ಲಾಸಿಗೂ ತಂದಿದ್ದರು. "ಏಣಿ ಎಕ್ಸ್, ಬಾಚಣಿಗೆ ವೈ" ಎಂದು ಹಲಗೆಗೆ ಮುಖ ಮಾಡಿ ಅವರು ಹೇಳುತ್ತಿದ್ದರೆ ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆವು. ಈಗ ಯೋಚಿಸಿದರೆ ನಗಲಿಕ್ಕೆ ಅಂಥದ್ದೇನೂ ಇರಲಿಲ್ಲ. ಪಂಡಿತರ ಚಿಹ್ನೆಗಳ ಹುಟ್ಟೂ ಹೆಚ್ಚುಕಡಿಮೆ ಇಷ್ಟೇ. ಸಮ ಚಿಹ್ನೆಯನ್ನು ಮೊದಲು ಬಳಸಿದ ಮಹಾಶಯ, ಒಂದು ಜೋಡಿ ಗೆರೆಗಳಿಗಿಂತ ಸಮಾನವಾದದ್ದು ಬೇರೆ ಇರಲಾರದು ಎಂದುಕೊಂಡು ಅದನ್ನು ಎಳೆದನಂತೆ. ಇಂಟೆಗ್ರಲ್ ಚಿಹ್ನೆ ಎಂದರೆ ಎಳೆದು ಉದ್ದ ಮಾಡಿದ ಎಸ್ ಅಕ್ಷರ. ತಲೆಕೆಳಗಾದ ತ್ರಿಕೋನದ ಚಿಹ್ನೆಯೊಂದಕ್ಕೆ ಹಳೆಯ ಕಾಲದ ಒಂದು ತಂತಿವಾದ್ಯದ ಹೆಸರು ಇಟ್ಟಿದ್ದಾರೆ. ಅವರಿಗೆ ತಂತಿವಾದ್ಯ ಕಂಡಿತು, ಲೀನಾ ಟೀಚರಿಗೆ ಚಕ್ಕುಲಿ ಕಂಡಿತು. ಎದುರಿಗಿದ್ದದ್ದು ಕಾಣುತ್ತದೆ.

ಹೊಸ ಶತಮಾನ ಬಂತು. ಸರ್ ಕಣ್ಣಿಗೆ ಪೊರೆ ಬಂತು, ಆಪರೇಷನ್ ಆಯಿತು. ಸೀಮೆಸುಣ್ಣದ ಪುಡಿ ಆಗದು ಎಂದು ಡಾಕ್ಟರು ಹೇಳಿದರು. ಹಲಗೆ ಜಗಲಿಯಲ್ಲೇ ಉಳಿಯಿತು, ಸರ್ ಮಾತ್ರ ಅದರ ಮುಂದೆ ನಿಲ್ಲುವುದು ಕಡಿಮೆಯಾಯಿತು. ನಾನು ಮುಂದಾಳತ್ವ ವಹಿಸಿ ಆದಿ ಉಡುಪಿಯ ಕಡೆಯ ಅಂಗಡಿಯೊಂದರಲ್ಲಿ ಒಂದು ಕಂಪ್ಯೂಟರು ಜೋಡಿಸಿ ತರಿಸಿದೆ. ದೊಡ್ಡ ಅಕ್ಷರ ಮಾಡಿಕೊಂಡು ತಮ್ಮ ಪ್ರಬಂಧವನ್ನು ತಾವೇ ತಿದ್ದಲಿ ಎಂದು ನನ್ನ ಲೆಕ್ಕಾಚಾರ. ಪರದೆಯ ಮೇಲೆ ನನ್ನ ಲೇಟೆಕ್ ಬರಹ ತೆರೆದು ತೋರಿಸಿದೆ. ಸರ್ ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು.

"ಇದೆಂತ ಮಾರಾಯ್ತಿ, ಇಲ್ಲಿ ನನ್ನ ಪ್ರಮೇಯ ಎಲ್ಲಿ ಉಂಟು?"

"ಇದೇ ಸರ್. ಇದು ಏಣಿ, ಇದು ಬಾಚಣಿಗೆ."

"ಏಣಿಯ ಹೆಸರು ಉಂಟು, ಏಣಿ ಇಲ್ಲ" ಎಂದರು.

ಅವರು ಹೇಳಿದ್ದು ಸರಿ. ನನಗೆ ರೂಢಿಯಾಗಿತ್ತು, ಹಿಂದಕ್ಕೆ ವಾಲಿದ ಗೆರೆಗಳ ಆ ಕಾಡಿನಲ್ಲಿ ನಾನು ಕಣ್ಣುಮುಚ್ಚಿ ಓಡಾಡುತ್ತಿದ್ದೆ. ಅವರಿಗೆ ಗಣಿತವೆಂದರೆ ಕಣ್ಣಿಗೆ ಕಾಣಬೇಕಾದ ಆಕಾರ. ಹೆಸರುಗಳ ಸಂತೆಯಲ್ಲಿ ಅವರ ವಾದ ಕಳೆದುಹೋಯಿತು. ಅದಾದ ಮೇಲೆ ಭಾನುವಾರಗಳಲ್ಲಿ ಅವರು, "ನೀನೇ ನೋಡು, ನಿನಗೆ ಗೊತ್ತುಂಟಲ್ಲ" ಎನ್ನತೊಡಗಿದರು. ನಾನು ಹೆದರಿದ್ದು ಆಗ. ನನಗೆ ಪ್ರಬಂಧದ ಚಿಂತೆ ಇರಲಿಲ್ಲ, ಅದು ಇವತ್ತಲ್ಲ ನಾಳೆ ಮುಗಿಯುತ್ತದೆ. ಈ ಮನುಷ್ಯ ಗಣಿತ ಮಾಡುವುದನ್ನೇ ಬಿಟ್ಟುಬಿಡುತ್ತಾರೆ ಎಂಬುದೇ ನನ್ನ ಭಯ. ಗಣಿತ ಬಿಟ್ಟ ಮಥಾಯಸ್ ಸರ್ ಹೇಗಿರುತ್ತಾರೆ ಎಂದು ನನಗೂ ಗೊತ್ತಿರಲಿಲ್ಲ, ಲೀನಾ ಟೀಚರಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೆ ಯೂನಿಕೋಡ್ ಎಂಬುದು ನಮ್ಮ ಕಡೆಗೂ ಬಂದಿತ್ತು. ಜಗತ್ತಿನ ಪ್ರತಿಯೊಂದು ಅಕ್ಷರಕ್ಕೂ ಪ್ರತಿಯೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟು ಕೂರಿಸಿದ ದೊಡ್ಡ ಪಂಕ್ತಿ ಅದು. ಅದರಲ್ಲಿ ನಮ್ಮ ಕ ಕಾ ಕಿ ಕೂಡ ಉಂಟು, ಸರ್ ಅವರ ಏಣಿ ಬಾಚಣಿಗೆಗಳೂ ಉಂಟು. ಆದರೆ ಪಂಕ್ತಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲೆಗೆ ಅನ್ನ ಬೀಳುವುದಿಲ್ಲ. ಕಂಪ್ಯೂಟರಿನಲ್ಲಿ ತಕ್ಕ ಫಾಂಟ್ ಇರಬೇಕು. ಇಲ್ಲದಿದ್ದರೆ ಆ ಜಾಗದಲ್ಲಿ ಒಂದು ಖಾಲಿ ಚೌಕ ಕಾಣುತ್ತದೆ. ಆಗ ದುಬೈಯಲ್ಲಿದ್ದ ನನ್ನ ಅಣ್ಣನಿಗೆ ನಾನು ಹುರುಪಿನಿಂದ ಕನ್ನಡದಲ್ಲಿ ಇಮೇಲ್ ಬರೆದರೆ, ಅವನು ಫೋನು ಮಾಡಿ, "ಎಂತ ಇದು, ಮನೆಯ ಟೈಲ್ಸ್ ಕಳಿಸಿದ್ದೀಯಾ?" ಎಂದು ಕೇಳಿದ್ದ.

ಟೈಪು ಮಾಡಿದ ಹೆಸರನ್ನು ಚಿಹ್ನೆಯಾಗಿ ತೋರಿಸುವ ಎಡಿಟರ್ ಎಂಬ ತಂತ್ರಾಂಶ ಒಂದು ಇದೆ ಎಂದು ಓದಿ, ಅದನ್ನು ಸಿ.ಡಿ.ಗೆ ಹಾಕಿಸಿಕೊಂಡು ಕಾರ್ಕಳಕ್ಕೆ ಹೊರಟೆ. ಜೋಡಿಸಿ ತೆರೆದೆ. ಪುಟದ ತುಂಬ ಚೌಕಗಳು. ಫಾಂಟ್ ಇರಲಿಲ್ಲ. ನನಗೆ ಅಳುವೇ ಬಂದಿತ್ತು. ಸರ್ ಮಾತ್ರ ಪರದೆಯನ್ನು ಕುತೂಹಲದಿಂದ ನೋಡಿದರು. ಗಣಿತದಲ್ಲಿ ಒಂದು ಪ್ರಮಾಣ ಮುಗಿಯಿತು ಎಂದು ತೋರಿಸಲು ಕೊನೆಗೆ ಒಂದು ಖಾಲಿ ಚೌಕ ಹಾಕುವುದು ಪದ್ಧತಿ.

"ಭಾರೀ ಉಂಟು ನಿನ್ನ ಕಂಪ್ಯೂಟರು" ಎಂದರು. "ನನ್ನ ಪ್ರತಿ ಸಾಲಿನಲ್ಲೂ ಪ್ರಮಾಣ ಮುಗಿದಿದೆ. ನಾನು ಇಷ್ಟು ವರ್ಷ ಸುಮ್ಮನೆ ಕಷ್ಟಪಟ್ಟೆ ಅಲ್ವಾ?"

ಬಹಳ ತಿಂಗಳ ನಂತರ ಅವರು ನಕ್ಕದ್ದು ಅವತ್ತೇ. ಮುಂದಿನ ಭಾನುವಾರ ಫಾಂಟ್ ಒಯ್ದೆ. ಇನ್ನೊಂದು ಕೆಲಸವನ್ನೂ ಮಾಡಿದ್ದೆ. eni ಎಂದು ಒತ್ತಿದರೆ ∀ ಬರುವಂತೆ, chakkuli ಎಂದರೆ ξ, ole ಎಂದರೆ ∴, kapu ಎಂದರೆ ≈ ಬರುವಂತೆ ಎಡಿಟರಿಗೆ ಹೇಳಿಕೊಟ್ಟಿದ್ದೆ. ಲೀನಾ ಟೀಚರನ್ನು ಕರೆದು ಕೂರಿಸಿದೆವು. ಅವರು ಸೆರಗಿಗೆ ಕೈ ಒರೆಸಿಕೊಂಡು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಚಕ್ಕುಲಿ ಒತ್ತಿದರು. ಪರದೆಯ ಮೇಲೆ ξ ಬಂದು ಕೂತಿತು. ಟೀಚರ್ ಪರದೆಯ ಹತ್ತಿರ ಬಗ್ಗಿ ಅದನ್ನು ನೋಡಿದರು. ಆಮೇಲೆ, "ಇದು ನನ್ನ ಕೈಯದ್ದಕ್ಕಿಂತ ಚಂದ ಬಂದಿದೆ" ಎಂದು ಹೇಳಿ ಒಳಗೆ ಹೋದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಸರ್ ಆ ಎಡಿಟರಿನಲ್ಲಿ ಕೆಲ ತಿಂಗಳು ಕೆಲಸ ಮಾಡಿದರು. ಅಲ್ಲಲ್ಲಿ ಅಲ್ಪವಿರಾಮ ತಿದ್ದಿದರು, ಒಂದೆರಡು ವಾಕ್ಯ ಸರಿಪಡಿಸಿದರು. ಪ್ರಬಂಧ ಕನ್ನಡಿಯ ಹಾಗೆ ಹೊಳೆಯತೊಡಗಿತು. ಆದರೆ ಅವರು ಮತ್ತೆ ಹಲಗೆಯ ಬಳಿ ಹೋಗಲಿಲ್ಲ. ಒಂದು ಭಾನುವಾರ ಚಹಾ ಕುಡಿಯುತ್ತ ಹೇಳಿದರು: "ವೀಣಾ, ನೋಡಲಿಕ್ಕೆ ಚಂದ ಉಂಟು. ಆದರೆ ಬೇರೆ ಯಾರೋ ಬರೆದು ಮುಗಿಸಿದ್ದನ್ನು ಓದಿದ ಹಾಗೆ ಆಗುತ್ತದೆ. ನನಗೆ ಎಂತ ಕೆಲಸವೂ ಉಳಿದಿಲ್ಲ ಇದರಲ್ಲಿ. ಒಂದು ಪ್ರಿಂಟ್ ತೆಗೆದು ಕಳಿಸು, ಕೊನೆಯ ಸಲ ನೋಡಿ ಕೊಡುತ್ತೇನೆ. ಆಮೇಲೆ ಸಾಕು, ನಿಲ್ಲಿಸುವ."

ಸಾಕು ಎಂಬ ಮಾತನ್ನು ಅವರು ಎಷ್ಟು ಹಗುರವಾಗಿ ಹೇಳಿದರೆಂದರೆ, ನಾನು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅವರಿಗೆ ಸಹಾಯವಾಗಲಿ ಎಂದು ನಾನು ತಂದ ಒಂದೊಂದು ಸಲಕರಣೆಯೂ ಅವರನ್ನು ಅವರ ಕೆಲಸದಿಂದ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಸಿತ್ತು. ಮರಳುವ ಬಸ್ಸಿನಲ್ಲಿ ಹಿರಿಯಡ್ಕ ದಾಟುವವರೆಗೂ ಇದನ್ನೇ ಯೋಚಿಸಿದೆ. ಉಪಾಯ ಹೊಳೆಯಲಿಲ್ಲ. ಪ್ರಿಂಟ್ ತೆಗೆಯುವುದೆಂದು ತೀರ್ಮಾನಿಸಿದೆ.

ಆ ವಾರ ಕಾಪುವಿನಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಹೋಗುವ ದಾರಿಯಲ್ಲೇ ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟು ಎರಡು ಪ್ರತಿ ಪ್ರಿಂಟ್ ತೆಗೆಸಿದೆ. ಉಟ್ಟದ್ದು ರೇಷ್ಮೆ ಸೀರೆ, ಕೈಯಲ್ಲಿ ಹೂವಿನ ಪೊಟ್ಟಣ, ಕಾರ್ಕಳದ ಬಸ್ಸು ಹೊರಡಲು ಹಾರನ್ ಹೊಡೆಯುತ್ತಿತ್ತು. ನಮ್ಮ ಕಡೆ ಬಸ್ಸಿನವರೇ ಅಂಚೆಯವರು ಕೂಡ. ಔಷಧಿ, ಮಲ್ಲಿಗೆ, ಜಾತಕ, ಮರೆತುಹೋದ ಕೊಡೆ, ಎಲ್ಲವನ್ನೂ ಕಂಡಕ್ಟರ ಕೈಗೆ ಕೊಟ್ಟರೆ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ಒಂದು ಪ್ರತಿಯನ್ನು ಲಕೋಟೆಗೆ ಹಾಕಿ ಕಂಡಕ್ಟರರಿಗೆ ಕೊಟ್ಟೆ.

"ಮಥಾಯಸ್ ಸರಿಗೆ ಅಲ್ವಾ ಟೀಚರ್? ಸ್ಟ್ಯಾಂಡಿನ ಹಣ್ಣಿನ ಅಂಗಡಿಯಲ್ಲಿ ಕೊಡುತ್ತೇನೆ, ಅವರು ಬಂದು ತಗೊಳ್ತಾರೆ" ಎಂದರು. ಬಸ್ಸು ಹೊರಟಿತು.

ನಾನು ಕಾಪುವಿನ ಬಸ್ಸು ಹತ್ತಿ, ಸೀಟು ಸಿಕ್ಕಿದ ಮೇಲೆ ನನ್ನ ಪ್ರತಿಯನ್ನು ತೆರೆದೆ. ಉದ್ಯಾವರದ ಸೇತುವೆ ಬರುವಷ್ಟರಲ್ಲಿ ಪುಟಗಳನ್ನೆಲ್ಲ ಮಗುಚಿ ನೋಡಿಯಾಗಿತ್ತು. ಪುಟದ ತುಂಬ ಇಂಗ್ಲಿಷ್ ಇತ್ತು, ಎಕ್ಸ್ ವೈಗಳು ಇದ್ದವು, ಚಿಹ್ನೆ ಒಂದೂ ಇರಲಿಲ್ಲ. ಏಣಿ ಇಲ್ಲ, ಬಾಚಣಿಗೆ ಇಲ್ಲ, ಒಲೆ ಇಲ್ಲ. ಅವು ಇರಬೇಕಾದ ಜಾಗಗಳು ಮಾತ್ರ ಅಳತೆ ತಪ್ಪದೆ ಖಾಲಿ ಇದ್ದವು. ನನ್ನ ಕಂಪ್ಯೂಟರಿನಲ್ಲಿ ಚಿಹ್ನೆಗಳ ಫಾಂಟ್ ಇತ್ತು, ಹಾಗಾಗಿ ನನಗೆ ಕಾಣುತ್ತಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಲ್ಲಿಯ ಪ್ರಿಂಟರು ಚೌಕವನ್ನೂ ಹಾಕದೆ ಜಾಗವನ್ನಷ್ಟೇ ಬಿಟ್ಟಿತ್ತು. ಕಡತದ ಜೊತೆಯಲ್ಲೇ ಫಾಂಟನ್ನೂ ಕಟ್ಟಿ ಕಳಿಸಬೇಕಿತ್ತು, ಅದು ನನ್ನ ತಲೆಗೆ ಹೋಗಿರಲಿಲ್ಲ.

ನಿಶ್ಚಿತಾರ್ಥದಲ್ಲಿ ನಾನು ಯಾರ ಜೊತೆ ಏನು ಮಾತಾಡಿದೆನೋ ದೇವರಿಗೇ ಗೊತ್ತು. ಮೊದಲೇ ಸಾಕು ಎನ್ನುತ್ತಿರುವ ಮನುಷ್ಯ, ಕೊನೆಯ ಸಲ ನೋಡುತ್ತೇನೆ ಎಂದು ಲಕೋಟೆ ಒಡೆದರೆ, ಒಳಗೆ ತಮ್ಮ ಗಣಿತವೇ ಇಲ್ಲದ ತಮ್ಮ ಗಣಿತ. ಕಾಪುವಿನಿಂದ ಫೋನು ಮಾಡಿದೆ. ಅವರ ಮನೆಯ ಫೋನು ಗಾಳಿ ಜೋರಾಗಿ ಬೀಸಿದರೂ ಸಾಯುವ ಜಾತಿಯದು, ಅವತ್ತೂ ಸತ್ತಿತ್ತು. ಮರುದಿನ ಕಾಲೇಜಿಗೆ ರಜೆ ಹಾಕಿ, ಮಣಿಪಾಲದಲ್ಲಿ ಸರಿಯಾದ ಪ್ರತಿ ತೆಗೆದು, ಪ್ರತಿ ಪುಟವನ್ನೂ ಕಣ್ಣಿಟ್ಟು ನೋಡಿ, ಬ್ಯಾಗಿಗೆ ಹಾಕಿಕೊಂಡು ಕಾರ್ಕಳಕ್ಕೆ ಓಡಿದೆ.

ಬಾಗಿಲು ತೆರೆದಿತ್ತು. ಊಟದ ಮೇಜಿನ ಮೇಲಿನ ಉಪ್ಪಿನಕಾಯಿ ಭರಣಿ, ಹಣ್ಣಿನ ಬುಟ್ಟಿ ಎಲ್ಲ ನೆಲಕ್ಕೆ ಇಳಿದಿದ್ದವು. ಮೇಜಿನ ಒಂದು ಬದಿಗೆ ಸರ್, ಎದುರು ಬದಿಗೆ ಲೀನಾ ಟೀಚರ್. ಟೀಚರ ಕೈಯಲ್ಲಿ ಮಸಿಯ ಪೆನ್ನು, ಮಡಿಲಲ್ಲಿ ಒರೆಸುವ ಬಟ್ಟೆ. ಮುಗಿದ ಪುಟಗಳು ಕಿಟಕಿಯ ದಂಡೆಯ ಮೇಲೆ ಒಣಗುತ್ತಿದ್ದವು. ಪ್ರತಿಯೊಂದರಲ್ಲೂ ಏಣಿ, ಬಾಚಣಿಗೆ, ಚಕ್ಕುಲಿ, ನೀಲಿ ಮಸಿಯಲ್ಲಿ, ಮುತ್ತಿನಂತೆ. ನಾನು ಬಾಗಿಲಲ್ಲೇ ನಿಂತೆ.

"ಬಾ ಬಾ" ಎಂದರು ಸರ್, ತಲೆ ಎತ್ತದೆ. "ನೀನು ಹಳೆ ಕ್ರಮ ಮರೆತಿಲ್ಲ ಮಾರಾಯ್ತಿ. ಜಾಗ ಎಷ್ಟು ಸರಿಯಾಗಿ ಬಿಟ್ಟಿದ್ದೀ. ಆ ಉದ್ಯಾವರದವನಿಗೂ ಇಷ್ಟು ಚಂದ ಬರುತ್ತಿರಲಿಲ್ಲ."

ಅವರಿಗೆ ಅದು ದೋಷವೆಂದು ಹೊಳೆದೇ ಇರಲಿಲ್ಲ. ಗಣಿತದ ಪ್ರಬಂಧವನ್ನು ಟೈಪು ಮಾಡಿಸಿದರೆ ಅದು ಖಾಲಿ ಜಾಗಗಳ ಜೊತೆಗೇ ಮನೆಗೆ ಬರುತ್ತದೆ. ಮನೆಯವರು ಕೂತು ತುಂಬಿಸುತ್ತಾರೆ. ಅವರ ಲೋಕದಲ್ಲಿ ಅದು ಹಾಗೆಯೇ. ನಡುವೆ ಬಂದ ಪರದೆ, ಎಡಿಟರ್, ಚೌಕ, ಇವೆಲ್ಲ ಯಾವುದೋ ತಾತ್ಕಾಲಿಕ ಗೊಂದಲ ಎಂಬಂತೆ ಅವರು ಮೊದಲಿದ್ದಲ್ಲಿಗೆ ಮರಳಿ ಕೂತಿದ್ದರು. ನನ್ನ ಬ್ಯಾಗಿನಲ್ಲಿ ಸರಿಯಾದ ಪ್ರತಿ ಇತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಲೀನಾ ಟೀಚರ್ ಪೆನ್ನು ಎತ್ತಿ ಹಿಡಿದು ಕೇಳಿದರು:

"ಇಲ್ಲಿ ಎರಡು ಜಾಗ ಒಟ್ಟಿಗೆ ಉಂಟು. ಏಣಿ ಮೊದಲಾ, ಬಾಚಣಿಗೆ ಮೊದಲಾ?"

ಸರ್ ಹೇಳಲು ಹೋದವರು ಕನ್ನಡಕ ಸರಿಮಾಡಿಕೊಂಡರು. ಪುಟವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಟೀಚರ್ ಪೆನ್ನು ಗಾಳಿಯಲ್ಲೇ ಹಿಡಿದು ಕಾದರು, ಬಹಳ ವರ್ಷ ಹೀಗೆ ಕಾದು ಅಭ್ಯಾಸವಿದ್ದವರ ಹಾಗೆ.

ಯಾವುದು ಮೊದಲಾದರೇನು ಎಂದು ನೀವು ಕೇಳಬಹುದು. ಏಣಿ ಎಂದರೆ 'ಪ್ರತಿಯೊಂದಕ್ಕೂ', ಬಾಚಣಿಗೆ ಎಂದರೆ 'ಒಂದು ಉಂಟು'. ಉಡುಪಿ ಕಾರ್ಕಳ ಬಸ್ಸನ್ನು ನೆನೆಸಿಕೊಳ್ಳಿ. ಏಣಿ ಮೊದಲು ಬಂದರೆ ಅರ್ಥ ಹೀಗೆ: ಪ್ರತಿ ಪ್ರಯಾಣಿಕನಿಗೂ ಒಂದೊಂದು ಸೀಟು ಉಂಟು. ಬಾಚಣಿಗೆ ಮೊದಲು ಬಂದರೆ: ಒಂದು ಸೀಟು ಉಂಟು, ಎಲ್ಲ ಪ್ರಯಾಣಿಕರಿಗೂ ಅದೇ. ನಮ್ಮ ಕಂಡಕ್ಟರುಗಳು ಬೆಳಗಿನ ಹೊತ್ತು ಈ ಎರಡನೆಯದನ್ನು ಸಾಧಿಸಿ ತೋರಿಸುತ್ತಾರೆ ಎಂಬುದು ಬೇರೆ ಮಾತು. ಗಣಿತದಲ್ಲಿ ಅದು ನಡೆಯುವುದಿಲ್ಲ. ನಮ್ಮ ಪ್ರಬಂಧದಲ್ಲಿ ಬಾಚಣಿಗೆ ಮೊದಲು ಇತ್ತು. ಪರದೆಯ ಮೇಲೆ ಅದು ಎಷ್ಟು ಚಂದ ಕಾಣುತ್ತಿತ್ತೆಂದರೆ, ನಾವಿಬ್ಬರೂ ತಿಂಗಳುಗಟ್ಟಲೆ ಅದನ್ನು ನೋಡಿ ತಲೆದೂಗಿದ್ದೆವು. ನಾವು ಸಾಧಿಸಿದ್ದು ಪ್ರತಿಯೊಬ್ಬನಿಗೂ ಒಂದು ಸೀಟು. ಬಳಸಿಕೊಂಡದ್ದು ಎಲ್ಲರಿಗೂ ಒಂದೇ ಸೀಟು. ತುಂಬಿದ ಜಾಗವನ್ನು ಕಣ್ಣು ದಾಟಿ ಹೋಗಿತ್ತು. ಖಾಲಿ ಜಾಗ ಅವರನ್ನು ತಡೆದು ನಿಲ್ಲಿಸಿ ಕೇಳಿತು.

"ತಪ್ಪು ಉಂಟು ಇಲ್ಲಿ" ಎಂದರು ಸರ್. "ಇದು ನಿಲ್ಲುವುದಿಲ್ಲ."

ಅಷ್ಟು ವರ್ಷಗಳ ಕೆಲಸ. ಅವರ ಮುಖ ನೋಡಲು ಧೈರ್ಯ ಸಾಲದೆ ಕಿಟಕಿಯ ಮೇಲೆ ಒಣಗುತ್ತಿದ್ದ ಪುಟಗಳನ್ನು ನೋಡಿದೆ. ಕುರ್ಚಿ ಸರಿದ ಸದ್ದು ಕೇಳಿತು. ಸರ್ ಎದ್ದು ಹೆಂಡತಿಯ ಮಡಿಲಿನಿಂದ ಒರೆಸುವ ಬಟ್ಟೆ ಎತ್ತಿಕೊಂಡು, ಅದನ್ನೇ ಮೂಗಿಗೆ ಅಡ್ಡ ಕಟ್ಟಿಕೊಂಡು ಜಗಲಿಗೆ ಹೋದರು. ಹಲಗೆಯ ಮೇಲೆ ಸೀಮೆಸುಣ್ಣ ಕರಕರ ಎಂದಿತು. ಡಾಕ್ಟರು ಬೇಡ ಎಂದದ್ದನ್ನು ನೆನಪಿಸಲು ನಾನು ಹಿಂದೆಯೇ ಹೊರಟೆ. ಲೀನಾ ಟೀಚರ್ ನನ್ನ ಕೈ ಹಿಡಿದರು.

"ಬರೆಯಲಿ ಬಿಡು" ಎಂದರು. "ಎಷ್ಟು ಸಮಯ ಆಯಿತು ಈ ಶಬ್ದ ಕೇಳದೆ."

ಹೊರಡುವಾಗ ಅವರು ಹಲಸಿನ ಹಪ್ಪಳದ ಕಟ್ಟನ್ನು ನನ್ನ ಬ್ಯಾಗಿಗೆ ತುಂಬಿಸಲು ಜಿಪ್ಪು ಎಳೆದರು. ಒಳಗಿದ್ದ ಪ್ರತಿ ಕಂಡಿತು, ಚಿಹ್ನೆಗಳೆಲ್ಲ ಇದ್ದ ಪ್ರತಿ. ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಹಪ್ಪಳವನ್ನು ಅದರ ಮೇಲೆಯೇ ಇಟ್ಟು ಜಿಪ್ಪು ಎಳೆದು, ಮೆಲ್ಲಗೆ ಹೇಳಿದರು: "ಮುಂದಿನ ಸಲವೂ ಜಾಗ ಬಿಟ್ಟೇ ಕಳಿಸು, ಆಯ್ತಾ?"

ಬೇಕೆಂದೇ ಜಾಗ ಬಿಡುವುದು ಹೇಗೆ ಎಂದು ಹುಡುಕಿದಾಗ ತಿಳಿಯಿತು, ಲೇಟೆಕ್‌ನಲ್ಲಿ ಅದಕ್ಕೂ ಒಂದು ಆಜ್ಞೆ ಇದೆ. ಚಿಹ್ನೆಯನ್ನು ಮುದ್ರಿಸುವುದಿಲ್ಲ, ಅದಕ್ಕೆ ಬೇಕಾದಷ್ಟೇ ಜಾಗವನ್ನು ಕೂದಲೆಳೆ ತಪ್ಪದೆ ಬಿಡುತ್ತದೆ. ಆ ಆಜ್ಞೆಯ ಹೆಸರು ಫ್ಯಾಂಟಮ್, ಅಂದರೆ ಭೂತ. ಭೂತಗಳನ್ನು ನಂಬಿ, ಕಾಣದವರಿಗೆ ಜಾಗ ಬಿಟ್ಟು, ಎಲೆ ಹಾಕಿ, ಮರ್ಯಾದೆಯಿಂದ ಕಾಯುವ ಊರಿನವಳು ನಾನು. ಇಷ್ಟು ವರ್ಷ ಈ ಆಜ್ಞೆ ನನ್ನ ಕಣ್ಣಿಗೆ ಬೀಳದೆ ಹೋದದ್ದು ಹೇಗೋ. ಅಂದಿನಿಂದ ಪ್ರತಿ ತಿದ್ದುಪಡಿಯ ನಂತರವೂ ಎರಡು ಪ್ರತಿ ತೆಗೆಯತೊಡಗಿದೆ: ನನಗೆ ತುಂಬಿದ್ದು, ಅವರಿಗೆ ಖಾಲಿಯದ್ದು. ಖಾಲಿಯದ್ದು ಬಸ್ಸಿನಲ್ಲಿ ಹೋಗಿ, ನೀಲಿ ಮಸಿಯಲ್ಲಿ ತುಂಬಿ, ಬಸ್ಸಿನಲ್ಲೇ ಮರಳುತ್ತಿತ್ತು. ತಪ್ಪು ಸರಿಹೋಗಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಸಾಕು ಎಂಬ ಮಾತು ಸರ್ ಬಾಯಲ್ಲಿ ಮತ್ತೆ ಬರಲಿಲ್ಲ.

ಕೊನೆಯ ಪ್ರತಿ ಬಂದಾಗ ನಾನು ಸಾಲು ಸಾಲಾಗಿ ನೋಡಿದೆ. ಎಲ್ಲ ತುಂಬಿತ್ತು. ಪ್ರಮೇಯದ ಹೃದಯದಂತಿದ್ದ ಒಂದು ಸಾಲಿನಲ್ಲಿ ಮಾತ್ರ ಒಂದು ಜಾಗ ಖಾಲಿ ಉಳಿದಿತ್ತು. ಎಡಕ್ಕೊಂದು ರಾಶಿ, ಬಲಕ್ಕೊಂದು ರಾಶಿ, ನಡುವೆ ಏನೂ ಇಲ್ಲ. ಅಲ್ಲಿ ಇದ್ದದ್ದು 'ಚಿಕ್ಕದು' ಎಂಬ ಚಿಹ್ನೆ, ನನ್ನ ಪ್ರತಿಯಲ್ಲಿ ಅದು ಹೊಳೆಯುತ್ತ ಕೂತಿತ್ತು. ಹಾಗಾದರೆ ಸರ್ ಯಾಕೆ ಬಿಟ್ಟರು? ಮರೆಯುವ ಜನ ಅಲ್ಲ ಅವರು. ಅವರಿಗೆ ಏನೋ ಕಂಡಿದೆ, ಅದು ನನಗೇ ಕಾಣಲಿ ಎಂದು ಬ್ಯಾಗು ಹಿಡಿದ ಶಿಷ್ಯೆಗೆ ಕೊನೆಯ ಪರೀಕ್ಷೆ ಇಟ್ಟಿದ್ದಾರೆ ಎಂದುಕೊಂಡೆ. ಗುರುಗಳು ಹಾಗೆಲ್ಲ ಮಾಡುತ್ತಾರೆ ಎಂದು ನಾವು ಓದಿಕೊಂಡು ಬಂದಿದ್ದೇವೆ.

ಆ ಖಾಲಿ ಜಾಗವನ್ನು ನಾನು ಕಾಲೇಜಿಗೆ ಒಯ್ದೆ, ಅಡುಗೆಮನೆಗೆ ಒಯ್ದೆ, ಕಡಿಯಾಳಿ ದೇವಸ್ಥಾನದ ಪ್ರದಕ್ಷಿಣೆಗೂ ಒಯ್ದೆ. ಎರಡು ಕೀಲಿ ಒತ್ತಿದರೆ ಜಗತ್ತಿನ ಯಾವ ಚಿಹ್ನೆ ಬೇಕಾದರೂ ಬಂದು ಕೂರುವ ಕಾಲದಲ್ಲಿ ಒಂದು ಚಿಹ್ನೆಗಾಗಿ ದಿನಗಟ್ಟಲೆ ಕಾದೆ. ಕೊನೆಗೊಂದು ದಿನ ದೋಸೆ ಹೊಯ್ಯುತ್ತಿರುವಾಗ ಹೊಳೆಯಿತು. ಅಲ್ಲಿ 'ಚಿಕ್ಕದು' ಎನ್ನಬೇಕಾಗಿಯೇ ಇಲ್ಲ. ಕೆಳಗೆ ಒಂದು ಸಣ್ಣ ಗೆರೆ ಎಳೆದು 'ಚಿಕ್ಕದು ಅಥವಾ ಸಮ' ಎಂದರೂ ವಾದ ನಿಲ್ಲುತ್ತದೆ. ಆ ಒಂದು ಗೆರೆಯಿಂದ, ಇಷ್ಟು ಕಾಲ ನಾವು ಹೊರಗೆ ನಿಲ್ಲಿಸಿದ್ದ ಅಂಚಿನ ಸಂದರ್ಭವೂ ಪ್ರಮೇಯದ ಒಳಗೆ ಬರುತ್ತದೆ. ದೋಸೆ ಸೀದುಹೋಯಿತು. ಗೆರೆ ಎಳೆದೆ.

ಭಾನುವಾರ ಕಾರ್ಕಳಕ್ಕೆ ಹೋಗಿ ಸರ್ ಮುಂದೆ ಪುಟ ಇಟ್ಟು, ಕಾಲಿಗೆ ಬೀಳುವುದೊಂದು ಬಾಕಿ, "ನೀವು ಯಾಕೆ ಬಿಟ್ಟಿರಿ ಎಂದು ಈಗ ಗೊತ್ತಾಯಿತು ಸರ್" ಎಂದೆ. ಸರ್ ನನ್ನ ಗೆರೆಯನ್ನು ನೋಡಿದರು. ಎದ್ದು ಹಲಗೆಯ ಮೇಲೆ ಪರೀಕ್ಷಿಸಿದರು. ಮರಳಿ ಬಂದು ಕೂತು, ಆ ಗೆರೆಯ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿತ್ತು, ಪುಡಿಯಿಂದಲೋ ಏನೋ.

"ಇದು ನನಗೆ ಹೊಳೆದಿರಲಿಲ್ಲ ವೀಣಾ" ಎಂದರು.

"ಮತ್ತೆ ಯಾಕೆ ಜಾಗ ಬಿಟ್ಟಿರಿ?"

ಅವರು ಅಡುಗೆಮನೆಯ ಕಡೆ ನೋಡಿದರು. ಲೀನಾ ಟೀಚರ್ ಬಾಗಿಲಿಗೆ ಬಂದು ನಿಂತು ಉತ್ತರ ಕೊಟ್ಟರು:

"ಅದಾ? ಅಷ್ಟೊತ್ತಿಗೆ ಗೇಟಿನಲ್ಲಿ ಮೀನಿನವಳು ಬಂದಳು. ತಾಜಾ ಬಂಗುಡೆ. ನಾನು ಪೆನ್ನು ಇಟ್ಟು ಓಡಿದೆ, ಇವರು ನನ್ನ ಹಿಂದೆ ಓಡಿದರು."

ಪ್ರಬಂಧ ಪ್ರಕಟವಾಯಿತು. ಕೊನೆಗೆ ಕೃತಜ್ಞತೆ ಹೇಳುವ ಸಾಲಿನಲ್ಲಿ ಲೀನಾ ಟೀಚರ ಹೆಸರನ್ನು ಸರ್ ತಾವೇ ಸೇರಿಸಿದ್ದರು. ಬಂಗುಡೆಯ ಹೆಸರನ್ನೂ ಸೇರಿಸುವ ಎಂದು ನಾನು ಹೇಳಿದ್ದಕ್ಕೆ, "ಅಲ್ಲಿ ಒಂದು ಜಾಗ ಬಿಡು ಮಾರಾಯ್ತಿ, ಓದುವವರು ತುಂಬಿಸಿಕೊಳ್ಳಲಿ" ಎಂದರು.